ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲಿ

ಅಮ್ಮತ್ತಿ
ಆಗಸ್ಟ್ 4

ಪ್ರೀತಿಯ ಮಗಳೇ,

ನಿನ್ನೆ ಕಕ್ಕಡ 18, ಮದ್ದುಸೊಪ್ಪಿನ ದಿನ. ನೀನು ಬರಬಹುದೆಂದು ಮದ್ದುಸೊಪ್ಪಿನ ಪಾಯಸ ಒಂದು ಬಟ್ಟಲು ಎತ್ತಿಟ್ಟಿದ್ದೆ. ಮಡಿಕೇರಿಯಲ್ಲಿ ಸಾಲಾಗಿ ಮೂರನೆಯ ನೈಟ್ ಡ್ಯೂಟಿಯಂತೆ, ನಿನ್ನಮ್ಮ ಹೇಳಿದಳು. ಡ್ಯೂಟಿ ಮುಗಿಸಿ ಬಂದವಳು ಮಲಗದೆ, ದಿಂಬಿನ ಮುಂದೆ ನಿಂತು ಹೆಸರು, ಹುಟ್ಟಿದ ದಿನ ಕೇಳುತ್ತೀಯಂತೆ. ಅವಳಿಗೆ ಗಾಬರಿ, ನನಗೆ ನಗು. ಓಸ್ಕಿ ಪರೀಕ್ಷೆಗೆ ಓದುವವರ ಮನೆಯಲ್ಲಿ ದಿಂಬಿಗೂ ಕಾಯಿಲೆ ಬರುತ್ತದೆ.

ಇಂಗ್ಲೆಂಡಿನಲ್ಲಿ ನರ್ಸ್ ಆಗಲು ಬೇಕಾದ ಕಂಪ್ಯೂಟರ್ ಪರೀಕ್ಷೆ ದಾಟಿದ್ದೀಯ. ಅಲ್ಲಿಗೆ ಹೋದಮೇಲೆ ಉಳಿದಿರುವುದು ಓಸ್ಕಿಯ ಈ ಹತ್ತು ಸ್ಟೇಷನ್. ನಾಲ್ಕರಲ್ಲಿ ಒಬ್ಬ ರೋಗಿಯನ್ನು ನೋಡಿ, ಯೋಚಿಸಿ, ಮಾಡಿ, ಮುಂದಿನವರಿಗೆ ಒಪ್ಪಿಸಬೇಕು, ನಾಲ್ಕು ಕೈಕೆಲಸದವು, ಎರಡು ಮೌನವಾಗಿ ಬರೆಯುವಂಥವು. ಈ ಬಗೆಯ ಪರೀಕ್ಷೆಯನ್ನು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಎಂಬ ಡಾಕ್ಟರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಅದರ ಬಗ್ಗೆ ಬರೆದರು. ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಮುಂಗೋಪದ ಪರೀಕ್ಷಕ ಎಂಬ ಅದೃಷ್ಟದಾಟ ತಪ್ಪಲಿ ಎಂದು. ನಮ್ಮ ಕಾಲದಲ್ಲಿ ಹೊರಗಿನ ಎಕ್ಸಾಮಿನರಿಗೆ ಕಾಫಿ ತಡವಾದರೂ ನಮ್ಮ ಮಾರ್ಕಿಗೆ ಕುತ್ತಿತ್ತು. ಆದ್ದರಿಂದ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವ ಪರೀಕ್ಷಕರ ಚೆಕ್‌ಲಿಸ್ಟನ್ನು ಬೈಯಬೇಡ.

ನಿನ್ನ ಕಷ್ಟ ನನಗೆ ಗೊತ್ತು. "ಆರು ವರ್ಷದಿಂದ ಮಾಡುತ್ತಿರುವ ಕೆಲಸ, ಇದನ್ನು ಹೊಸದಾಗಿ ಕಲಿಯಬೇಕೇ ದೊಡ್ಡಮ್ಮ?" ಎಂದೆಯಲ್ಲ. ಕಲಿಯುವುದಲ್ಲ ಮಗಳೇ, ಬಿಡಿಸಿಕೊಳ್ಳುವುದು. ಆರು ವರ್ಷದಲ್ಲಿ ಕೈ ಪಳಗಿದೆ, ಜೊತೆಗೆ ಅಡ್ಡದಾರಿಯೂ ಪಳಗಿದೆ. ನಲವತ್ತು ಜನರ ವಾರ್ಡಿನಲ್ಲಿ ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸುತ್ತೇವೆ. ಪರೀಕ್ಷಕನಿಗೆ ನಿನ್ನ ಮನಸ್ಸು ಕಾಣುವುದಿಲ್ಲ.

ಇದಕ್ಕೆ ನನ್ನದೇ ಕಥೆ ಇದೆ, ಯಾವ ಆಸ್ಪತ್ರೆ ಎಂದು ಕೇಳಬೇಡ. ಆಗ ನನಗೂ ನಿನ್ನಷ್ಟೇ ವಯಸ್ಸು. ಬಿಪಿ ನೋಡುತ್ತಿದ್ದೆ, ನಾಡಿ ಹಿಡಿಯುತ್ತಿದ್ದೆ, ಉಸಿರಿನ ಕಾಲಂನಲ್ಲಿ ಮಾತ್ರ ಎಲ್ಲರಿಗೂ 20. ಮಲಗಿದವರಿಗೂ 20, ಏದುಸಿರು ಬಿಡುವವರಿಗೂ 20. ಒಂದು ಮಳೆಗಾಲದ ರಾತ್ರಿ ತೋಟದ ಲೈನ್‌ಮನೆಯಿಂದ ಬಂದ ಹೆಂಗಸೊಬ್ಬಳ ಚಾರ್ಟನ್ನು ಹಿರಿಯ ಸಿಸ್ಟರ್ ಎತ್ತಿಕೊಂಡು, ಏನೂ ಅನ್ನದೆ, ನನ್ನ ಕೈಗೆ ತಮ್ಮ ವಾಚು ಕೊಟ್ಟರು. ಪೂರ್ತಿ ಒಂದು ನಿಮಿಷ ಎಣಿಸಿದೆ. 32. ನ್ಯುಮೋನಿಯಾ. ಅವಳು ಬದುಕಿದಳು, ನನ್ನ ಜಾಣ್ಮೆಯಿಂದಲ್ಲ. ನಿನ್ನ ಪರೀಕ್ಷೆಗೆ ಬರುವ ನ್ಯೂಸ್ 2 ಚಾರ್ಟಿನಲ್ಲಿ ಉಸಿರು 25 ಅಥವಾ ಹೆಚ್ಚಾದರೆ ಅದೊಂದಕ್ಕೇ 3 ಅಂಕ, ಒಟ್ಟು 5 ಆದರೆ ತುರ್ತಾಗಿ ಡಾಕ್ಟರನ್ನು ಕರೆಯಬೇಕು, 7 ಆದರೆ ತಡೆಯುವಂತೆಯೇ ಇಲ್ಲ. ಆ ಚಾರ್ಟು ಆಗ ಇದ್ದಿದ್ದರೂ ನನ್ನ 20ಕ್ಕೆ ಅದು ಸೊನ್ನೆಯನ್ನೇ ಕೊಡುತ್ತಿತ್ತು.

ಎಣಿಸುವುದನ್ನು ರೋಗಿಗೆ ಹೇಳಬೇಡ. ಹೇಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದರೂ ಮಣಿಕಟ್ಟು ಬಿಡದೆ ಎದೆ ನೋಡು. ಉಳಿದದ್ದೆಲ್ಲ ಬಾಯಿಬಿಟ್ಟು ಹೇಳು: ಕೈ ತೊಳೆಯುತ್ತಿದ್ದೇನೆ, ಅಲರ್ಜಿ ಇದೆಯೇ, ಔಷಧದ ಅವಧಿ ಮುಗಿದಿಲ್ಲ, ಪರದೆ ಎಳೆಯುತ್ತಿದ್ದೇನೆ. ಕೊಡವರಿಗೆ ಕೊಡವ ತಕ್ಕ್, ಗೌಡರಿಗೆ ಅರೆಭಾಷೆ, ಕೂಲಿಯವರಿಗೆ ಮಲಯಾಳ, ತಮಿಳು ಎಂದು ಒಂದೇ ರೌಂಡಿನಲ್ಲಿ ನಾಲಿಗೆ ಹೊರಳಿಸುವವಳು ನೀನು. ಪರೀಕ್ಷೆಯ ಗೊಂಬೆಯೊಂದಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ನಾಚಿಕೆಯೇ?

ಮೂತ್ರಪರೀಕ್ಷೆಯ ಸ್ಟೇಷನ್ ಬಂದರೆ ನಮ್ಮೂರನ್ನು ನೆನೆದುಕೋ. ನಿನ್ನೆಯ ಪಾಯಸ ಉಂಡವರಿಗೆಲ್ಲ ಇವತ್ತು ಮೂತ್ರ ಕೆಂಪು. ಹೊರಗಿನಿಂದ ಬಂದ ಹೊಸ ಡಾಕ್ಟರು ರಕ್ತವೆಂದು ಹೆದರುವುದುಂಟು. "ನಿನ್ನೆ ಏನು ತಿಂದಿರಿ?" ಎಂದು ಕೇಳುವವಳೇ ಕೊಡಗಿನ ನರ್ಸ್. ಆ ಪ್ರಶ್ನೆಯನ್ನು ಅಲ್ಲಿಗೂ ಒಯ್ಯಿ. ಚಾರ್ಟಿನಲ್ಲಿ ಬರೆಯುವಾಗ ತಪ್ಪಿದರೆ ಗೀಚಿ ಅಳಿಸಬೇಡ, ಒಂದೇ ಗೆರೆ ಎಳೆದು ಸಹಿ ಹಾಕು.

ಇಂಜೆಕ್ಷನ್ ಅಭ್ಯಾಸಕ್ಕೆ ಅಂಗಡಿಯ ನಾಗಪುರ ಕಿತ್ತಳೆ ತರಬೇಡ, ಅದರ ಸಿಪ್ಪೆ ಸಡಿಲ. ನಮ್ಮ ಕೊಡಗಿನದು ಬಿಗಿ. ಇದು ಊರಭಿಮಾನ ಎಂದು ನಗುತ್ತೀಯ, ನಗು.

ಇನ್ನೊಂದು. ನೈಟ್ ಮುಗಿಸಿ ಬಂದ ಬೆಳಿಗ್ಗೆ ಓದಬೇಡ, ಮಲಗು. ನಿದ್ದೆಗೆಟ್ಟ ತಲೆಗೆ ಹೋದದ್ದು ಸಂಜೆಗೆ ಉಳಿಯುವುದಿಲ್ಲ. ಡ್ಯೂಟಿಯಲ್ಲೇ ದಿನಕ್ಕೆ ಒಬ್ಬ ರೋಗಿಗೆ ಎಲ್ಲವನ್ನೂ ಪರೀಕ್ಷೆಯಂತೆ, ಪೂರ್ತಿಯಾಗಿ, ಮಾತಾಡುತ್ತ ಮಾಡು. ಅವರಿಗೂ ಹಿತ, ನಿನಗೂ ತಾಲೀಮು. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಅವಕಾಶ ಕೊಡುತ್ತಾರಂತೆ. ನಾನು ಸ್ಕೂಟರ್ ಲೈಸೆನ್ಸ್ ಪಡೆದದ್ದೇ ಮೂರನೆಯ ಸಲಕ್ಕೆ.

ಭಾನುವಾರ ರಜೆಯಲ್ಲವೇ? ಬಾ. ಮೂಲೆಯ ಮಂಚದಲ್ಲಿ ಮಲಗಿರುತ್ತೇನೆ, ಕೈಗೆ ಕಾಗದದ ಪಟ್ಟಿ ಕಟ್ಟಿಕೊಂಡು. ದೊಡ್ಡಮ್ಮನೆಂದು ಬಿಡಬೇಡ, ಹೆಸರು ಕೇಳು, ಹುಟ್ಟಿದ ದಿನ ಕೇಳು. ಶಾಲೆಯಲ್ಲಿ ಬರೆಸಿದ್ದು ಜೂನ್ 1, ನನ್ನಮ್ಮ ಹೇಳುತ್ತಿದ್ದದ್ದು ಪುತ್ತರಿಯ ಮರುದಿನ. ಯಾವುದು ಹೇಳುತ್ತೇನೋ, ಪಟ್ಟಿಯಲ್ಲಿ ಯಾವುದಿರುತ್ತದೋ, ನೋಡಿ ಹೊಂದಿಸು.

ನಿನ್ನ
ದೊಡ್ಡಮ್ಮ