ಇನ್ನೂ ಕೂಡದ ಕೈಯ ಬೆಲೆ

2003ನೆಯ ಇಸವಿಯ ಮೇ ತಿಂಗಳು. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ, 1970ರಲ್ಲಿ ಮೊದಲಾದ ಪೋಕರ್ ಆಟದ ಪ್ರಸಿದ್ಧ ಪಂದ್ಯಾವಳಿ ಕೊನೆಯ ಘಟ್ಟವನ್ನು ಮುಟ್ಟಿದ್ದಿತು. ಆರಂಭದಲ್ಲಿದ್ದ 839 ಸ್ಪರ್ಧಿಗಳಲ್ಲಿ ಉಳಿದವರು ಇಬ್ಬರೇ: ಟೆನೆಸ್ಸಿ ಸಂಸ್ಥಾನದ ಲೆಕ್ಕಪತ್ರಗಾರ ಕ್ರಿಸ್ ಮನಿಮೇಕರ್, ಇಸ್ಪೀಟಾಟವನ್ನೇ ವೃತ್ತಿಯಾಗಿಸಿಕೊಂಡಿದ್ದ ಸ್ಯಾಮ್ ಫರ್ಹಾ. ಮೇಜಿನ ನಡುವೆ ನಾಲ್ಕು ಎಲೆಗಳು ತೆರೆದು ಬಿದ್ದಿದ್ದುವು: ಇಸ್ಪೇಟು 9, ಡೈಮಂಡ್ 2, ಇಸ್ಪೇಟು 6, ಇಸ್ಪೇಟು 8. ಫರ್ಹಾನ ಕೈಯಲ್ಲಿ ಇಸ್ಪೇಟು ರಾಣಿ ಮತ್ತು ಆಟೀನ್ 9. ಅಂದರೆ ಅವನಿಗೆ ಒಂಬತ್ತರ ಜೋಡಿ ಕೂಡಿತ್ತು. ಮನಿಮೇಕರನ ಕೈಯಲ್ಲಿ ಇಸ್ಪೇಟು ರಾಜ ಮತ್ತು ಆಟೀನ್ 7. ಜೋಡಿಯಿಲ್ಲ, ಸರಣಿಯಿಲ್ಲ. ಆದರೂ ಫರ್ಹಾ ಪಣವೊಡ್ಡಿದಾಗ ಈತ ಎಲೆಗಳನ್ನು ಕೆಳಗಿಡಲಿಲ್ಲ, ಪಣವನ್ನು ಏರಿಸಿದನು. ಇದು ಹುಚ್ಚು ಸಾಹಸವೆ? ಲೆಕ್ಕ ಮಾಡಿ ನೋಡೋಣ.

ಆಟದ ಕ್ರಮವನ್ನು ಮೊದಲು ತಿಳಿಯಬೇಕು. ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ತೆರೆಯುವರು: ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಅತ್ಯುತ್ತಮವಾದ ಐದು ಎಲೆಗಳೇ ಅವನ ಕೈ. ಐದೂ ಒಂದೇ ಜಾತಿಯವಾದರೆ ಫ್ಲಷ್. ರಮ್ಮಿ ಆಡಿದವರಿಗೆ ಪರಿಚಿತವಾದ ಸರಣಿ ಐದೆಲೆಗೆ ಕೂಡಿದರೆ ಸ್ಟ್ರೇಟ್. ಎರಡೂ ಜೋಡಿಗಿಂತ ಬಲವಾದುವು. ಎಲೆ ತೆರೆದಾಗಲೆಲ್ಲ ಪಣವೊಡ್ಡಬಹುದು. ಮಿತಿರಹಿತ ಆಟದಲ್ಲಿ ತನ್ನಲ್ಲಿರುವ ಬಿಲ್ಲೆಗಳೆಲ್ಲವನ್ನೂ ಒಮ್ಮೆಗೇ ಮುಂದಿಡಲೂ ಅವಕಾಶವುಂಟು. ನಡುವಣ ರಾಶಿಯನ್ನು ಗೆಲ್ಲುವ ದಾರಿಗಳು ಎರಡು: ಕೊನೆಯಲ್ಲಿ ಹೆಚ್ಚಿನ ಕೈಯನ್ನು ತೋರಿಸುವುದು ಒಂದು, ಎದುರಾಳಿ ಪಣಕ್ಕೆ ಹೆದರಿ ಎಲೆಗಳನ್ನು ಬಿಟ್ಟುಕೊಡುವಂತೆ ಮಾಡುವುದು ಇನ್ನೊಂದು. ನಮ್ಮ ಲೆಕ್ಕವೆಲ್ಲ ಈ ಎರಡನೆಯ ದಾರಿಯ ಮೇಲೆ ನಿಂತಿದೆ.

ಮೂರು ಎಲೆ ತೆರೆದಾಗ ನಮ್ಮಲ್ಲಿ ಒಂದೇ ಜಾತಿಯ ನಾಲ್ಕು ಎಲೆಗಳು ಕೂಡಿವೆಯೆನ್ನೋಣ. ಆ ಜಾತಿಯ 13ರಲ್ಲಿ ಉಳಿದುವು 9. ಕಟ್ಟಿನ 52ರಲ್ಲಿ ನಾವು ಕಂಡುವು ಐದು, ಕಾಣದುವು 47. ಬರಲಿರುವುದು ಎರಡು ಎಲೆ. 47ರಲ್ಲಿ 9 ಎಂಬುದನ್ನು ಎರಡು ಸಲ ಕೂಡಿಸಿ ಶೇಕಡ 38 ಎಂದು ಹೇಳುವ ವಿದ್ಯಾರ್ಥಿಗಳು ಬಹಳ. ಎರಡೂ ಎಲೆಗಳು ಬೇಕಾದುವೇ ಆಗಿ ಬರುವ ಸಂದರ್ಭವನ್ನು ಅವರು ಎರಡು ಬಾರಿ ಎಣಿಸಿದಂತಾಯಿತು. ತಪ್ಪುವ ಸಂಭಾವ್ಯತೆಯನ್ನು ಎಣಿಸುವುದು ಸುಲಭ: 38/47 × 37/46, ಅಂದರೆ ಸುಮಾರು 0.65. ಆದುದರಿಂದ ಕೈ ಕೂಡುವ ಸಂಭಾವ್ಯತೆ ಶೇಕಡ 35.

ಇದೇ ಕೈಗೆ ಎರಡು ತುದಿಯೂ ತೆರೆದ ಸರಣಿಯ ಆಸೆಯೂ ಸೇರಿದರೆ ಇನ್ನೂ 8 ಎಲೆಗಳು ಉಪಯೋಗಕ್ಕೆ ಬರುವುವು. ಅವುಗಳಲ್ಲಿ ಎರಡು ಅದೇ ಜಾತಿಯವಾದುದರಿಂದ ಅವನ್ನು ಬಿಟ್ಟರೆ ಒಟ್ಟು 15. ಈಗ ತಪ್ಪುವ ಸಂಭಾವ್ಯತೆ 32/47 × 31/46. ಕೂಡುವುದು ಶೇಕಡ 54. ಏನೂ ಇಲ್ಲದ ಕೈ, ಜೋಡಿಯುಳ್ಳ ಕೈಗಿಂತ ಮುಂದಿದೆ! (ಎದುರಾಳಿಯ ಕೈಯೂ ಬೆಳೆಯಬಹುದಾದುದರಿಂದ ವಾಸ್ತವದಲ್ಲಿ ಈ ಅಂಕಗಳು ಸ್ವಲ್ಪ ಇಳಿಯುತ್ತವೆ.)

ಈಗ ಪಣದ ವಿಷಯ. ದುಡ್ಡು ಬೇಡ; ಹುಣಸೆಬೀಜಗಳನ್ನಿಟ್ಟುಕೊಂಡೇ ಪರೀಕ್ಷಿಸಬಹುದು. ರಾಶಿಯಲ್ಲಿ 3,000 ಬಿಲ್ಲೆ, ಇಬ್ಬರ ಬಳಿಯೂ 6,000. ನಮ್ಮದು ಶೇಕಡ 35ರ ಕೈ. ಎದುರಾಳಿ ತನ್ನ 6,000ವನ್ನೂ ಮುಂದಿಟ್ಟನು. ನಾವು ಒಪ್ಪಿ ಸಮಮಾಡಿದೆವು. ರಾಶಿ 15,000 ಆಯಿತು. ಅದರಲ್ಲಿ ನಮ್ಮ ಪಾಲು ಸರಾಸರಿ 5,250, ಕೊಟ್ಟದ್ದು 6,000, ನಷ್ಟ 750. ಇನ್ನು ಅದೇ ಎಲೆಗಳು, ಅದೇ ಬಿಲ್ಲೆಗಳು. ಆದರೆ ಮೊದಲು ಮುಂದಿಟ್ಟವರು ನಾವು. ಎದುರಾಳಿ ಒಪ್ಪಿದರೆ ಹಿಂದಿನಂತೆಯೇ 750 ನಷ್ಟ. ಬಿಟ್ಟುಕೊಟ್ಟರೆ 3,000 ಲಾಭ. ಅವನು ಐದು ಸಲದಲ್ಲಿ ಒಂದು ಸಲ ಬಿಟ್ಟುಕೊಟ್ಟರೂ ನಾಲ್ಕು ಸಲದ ನಷ್ಟ ತುಂಬಿಹೋಗುವುದು. ಎರಡಕ್ಕೊಂದು ಸಲ ಬಿಟ್ಟುಕೊಡುವವನಾದರೆ ಸರಾಸರಿ ಲಾಭ 1,125. ಯಾವ ಎಲೆಯ ಆಸೆಯೂ ಇಲ್ಲದ ಬರಿಯ ಬೆದರಿಕೆಗೆ ಹೋಲಿಸಿರಿ: ಸಿಕ್ಕಿಬಿದ್ದರೆ 6,000 ಹೋಗುವುದು, ಆದುದರಿಂದ ಮೂರು ಸಲದಲ್ಲಿ ಎರಡು ಸಲ ಎದುರಾಳಿ ಹೆದರಲೇಬೇಕು. ಮೂರರಲ್ಲಿ ಎರಡು ಎಂಬುದು ಐದರಲ್ಲಿ ಒಂದಕ್ಕೆ ಇಳಿದದ್ದು ಬರಬಹುದಾದ ಆ ಒಂಬತ್ತು ಎಲೆಗಳಿಂದ. ಹದಿನೈದು ಎಲೆಗಳ ಕೈಯಾದರಂತೂ ಎದುರಾಳಿ ಒಪ್ಪಿದರೂ 2,100 ಲಾಭವೇ.

ಅರ್ಧ ಬೆದರಿಕೆ, ಅರ್ಧ ನಿಜವಾದ ಈ ಪಣಕ್ಕೆ ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಲೇಖಕರು ‘ಸೆಮಿ-ಬ್ಲಫ್’ ಎಂಬ ಹೆಸರನ್ನು ಬಳಕೆಗೆ ತಂದರು. ಆಟಗಳ ಗಣಿತವನ್ನು 1928ರಲ್ಲಿ ಆರಂಭಿಸಿದ ಜಾನ್ ಫಾನ್ ನಾಯ್ಮನ್ 1944ರ ಗ್ರಂಥದಲ್ಲಿ ಪೋಕರಿನ ಬೆದರಿಕೆ ಕೇವಲ ಕುಯುಕ್ತಿಯಲ್ಲ, ಗಣಿತವೇ ಬೇಡುವ ಕ್ರಮವೆಂದು ತೋರಿಸಿದ್ದರು. ಆದರೆ ಅವರ ಸರಳೀಕೃತ ಆಟದಲ್ಲಿ ಕೈ ಒಮ್ಮೆ ಬಂದರೆ ಬದಲಾಗದು. ನಿಜವಾದ ಆಟದಲ್ಲಿ ಇಂದಿನ ದುರ್ಬಲ ಕೈ ಮುಂದಿನ ಎಲೆಗೆ ಪ್ರಬಲವಾಗಬಲ್ಲುದು.

ಕಾಯುತ್ತ ಕುಳಿತರೆ ಈ ಬಲ ಕರಗುತ್ತದೆ. ನಾಲ್ಕನೆಯ ಎಲೆ ತಪ್ಪಿತೆಂದರೆ ಶೇಕಡ 35 ಇದ್ದುದು 46ರಲ್ಲಿ 9, ಅಂದರೆ ಶೇಕಡ 20ಕ್ಕೆ ಇಳಿಯುವುದು. ಎಂದೂ ಎಲೆ ಬಿಡದ ಹಟಮಾರಿಯ ಎದುರಿಗಂತೂ ಎರಡನೆಯ ದಾರಿಯೇ ಮುಚ್ಚಿದೆ. ಒಂಬತ್ತು ಎಲೆಗಳ ಕೈಯಿಂದ ಅವನನ್ನು ಬೆದರಿಸುವುದು ವ್ಯರ್ಥ.

ಪಂದ್ಯಾವಳಿಯಲ್ಲಿ ಮತ್ತೊಂದು ತೊಡಕುಂಟು: ಬಿಲ್ಲೆಗಳು ಹಣವಲ್ಲ. ಮೂವರು ಉಳಿದಿರುವರು, ತಲಾ 5,000 ಬಿಲ್ಲೆ. ಬಹುಮಾನಗಳು 50, 30, 20 ಎನ್ನೋಣ. ಪ್ರತಿಯೊಬ್ಬನ ಸ್ಥಾನದ ಬೆಲೆ ಈಗ 33⅓. ಒಬ್ಬನು ಇನ್ನೊಬ್ಬನ ಎಲ್ಲ ಬಿಲ್ಲೆಗಳನ್ನು ಗೆದ್ದು 10,000 ಮಾಡಿಕೊಂಡರೆ, ಮೊದಲ ಸ್ಥಾನ ದೊರೆಯುವ ಸಂಭಾವ್ಯತೆ ಮೂರರಲ್ಲಿ ಎರಡು. ಅವನ ಬೆಲೆ 43⅓. ಸೋತವನಿಗೆ 20. ಬಿಲ್ಲೆಗಳು ಇಮ್ಮಡಿಯಾದರೂ ಲಾಭ 10. ಸೋತರೆ ನಷ್ಟ 13⅓! ಸರಿದೂಗಬೇಕಾದರೆ ಏಳರಲ್ಲಿ ನಾಲ್ಕು ಸಲ, ಅಂದರೆ ಶೇಕಡ 57ರಷ್ಟು ಗೆಲ್ಲಬೇಕು. ನಮ್ಮ ಶೇಕಡ 54ರ ಭಾರಿ ಕೈಯೂ ಇಲ್ಲಿ ಸಾಲದು. (ರಾಶಿಯಲ್ಲಿ ಮೊದಲೇ ಬಿದ್ದಿರುವ ಬಿಲ್ಲೆಗಳನ್ನು ಇಲ್ಲಿ ಬಿಟ್ಟಿದ್ದೇವೆ.) ಆದರೆ ಇದೇ ತಕ್ಕಡಿ ಎದುರಾಳಿಯ ಮುಂದೆಯೂ ಇದೆ. ಅವನೂ ಶೇಕಡ 57 ಕಾಣದೆ ಒಪ್ಪಲಾರ; ಅಷ್ಟು ಲೆಕ್ಕ ಬಲ್ಲವನಾದರೆ ಜೋಡಿಯನ್ನೂ ಬಿಟ್ಟುಕೊಡುವನು. ಹೀಗೆ ಒಪ್ಪುವವನಿಗೆ ಕಷ್ಟ ಹೆಚ್ಚಿದಷ್ಟೂ ಮೊದಲು ಮುಂದಿಡುವವನಿಗೆ ಅನುಕೂಲ.

ಲಾಸ್ ವೇಗಸ್ಸಿನ ಮೇಜಿಗೆ ಮರಳೋಣ. ಅಲ್ಲಿ ಇಬ್ಬರೇ ಉಳಿದಿದ್ದರು. ಎರಡನೆಯ ಬಹುಮಾನ ಇಬ್ಬರಿಗೂ ಖಚಿತ. ಇಂಥಲ್ಲಿ ಮಾತ್ರ ಬಿಲ್ಲೆಗೂ ಹಣಕ್ಕೂ ನೇರವಾದ ಪ್ರಮಾಣ ಮರಳಿ ಬರುತ್ತದೆ. ಎರಡೂ ಕೈಗಳನ್ನು ಕಂಡ ನಮಗೆ ಉಳಿದ ಎಲೆಗಳು 44. ಮನಿಮೇಕರನಿಗೆ ಒದಗುವುವು: ಇಸ್ಪೇಟು ಜಾತಿಯ 8 (ಒಂದು ಫರ್ಹಾನ ಕೈಯಲ್ಲಿದೆ), ಸರಣಿ ಕೂಡಿಸುವ ಬೇರೆ ಜಾತಿಯ 5 ಮತ್ತು 10ರ ಎಲೆಗಳು ಆರು, ಒಂಬತ್ತಕ್ಕಿಂತ ದೊಡ್ಡ ಜೋಡಿ ಕೊಡುವ ರಾಜರು ಮೂರು. ಒಟ್ಟು 17, ಶೇಕಡ 39. ಒಂದೇ ಎಲೆ ಬಾಕಿಯಿರುವಾಗ ಇಷ್ಟು ಬಲವುಳ್ಳ ‘ಏನೂ ಇಲ್ಲದ’ ಕೈ ಅಪರೂಪ. ಪಣವೇರಿಸಿದ್ದು ಹುಚ್ಚಲ್ಲ.

ಫರ್ಹಾ ಹೆದರಲಿಲ್ಲ; ಒಪ್ಪಿದನು. ಕೊನೆಯ ಎಲೆ ತೆರೆಯಿತು: ಆಟೀನ್ 3. ಹದಿನೇಳರಲ್ಲಿ ಒಂದೂ ಬರಲಿಲ್ಲ. ಈಗ ಮನಿಮೇಕರನ ಕೈಯಲ್ಲಿ ಸೆಮಿ-ಬ್ಲಫ್ ಉಳಿದಿರಲಿಲ್ಲ. ಬರಬೇಕಾದ ಎಲೆಯಿಲ್ಲ, ಮೊದಲ ದಾರಿಯೂ ಇಲ್ಲ. ಅವನು ಬಿಲ್ಲೆಗಳೆಲ್ಲವನ್ನೂ ಮುಂದೆ ತಳ್ಳಿದನು. ಇದು ಬರಿಯ ಬೆದರಿಕೆ. ಇದರ ಲೆಕ್ಕವೇ ಬೇರೆ, ಅಪಾಯವೂ ಬೇರೆ. ಆದರೆ ಹಿಂದಿನ ಸುತ್ತಿನಲ್ಲಿ ಅವನು ಪಣವೇರಿಸಿದ್ದುದರಿಂದಲೇ ಫ್ಲಷ್ ಆಗಲೇ ಕೂಡಿರಬಹುದೆಂಬ ಶಂಕೆಗೆ ಎಡೆಯಾಗಿತ್ತು. ಫರ್ಹಾ ಬಹಳ ಹೊತ್ತು ಯೋಚಿಸಿ, ಗೆಲ್ಲುತ್ತಿದ್ದ ಒಂಬತ್ತರ ಜೋಡಿಯನ್ನು ಕೆಳಗಿಟ್ಟನು. ಆ ಪಂದ್ಯದ 25 ಲಕ್ಷ ಡಾಲರುಗಳ ಮೊದಲ ಬಹುಮಾನ ಲೆಕ್ಕಪತ್ರಗಾರನಿಗೆ ದೊರೆಯಿತು.