ಮಣ್ಣಿಗೂ ಉಂಟು ಹಳೇ ಮಳೆಯ ರೂಢಿ



ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಮಣ್ಣಿನ ಘಮ ಏಳುತ್ತದಲ್ಲ, ಅದಕ್ಕೆ ಒಂದು ಕಾರಣ ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳು. ಅವು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಹನಿ ಬಿದ್ದಾಗ ಗಾಳಿಗೆ ಸೇರುತ್ತದೆ. ಬ್ಯಾಕ್ಟೀರಿಯಾ ಅಂದರೆ ನಮಗೆ ರೋಗವೇ ನೆನಪಾಗುವುದು. ಆದರೆ ಕಸಕಡ್ಡಿ, ಸಗಣಿ, ಒಣಗಿದ ಬೇರು ಎಲ್ಲವನ್ನೂ ಕೊಳೆಸಿ ಬೆಳೆಗೆ ಊಟ ಮಾಡಿಕೊಡುವ ಅಡುಗೆಯವರಲ್ಲಿ ಇವರೇ ಮುಖ್ಯ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಇರುತ್ತವೆ.

ಮಣ್ಣು ಒಣಗಿದಾಗ ಇವು ಏನು ಮಾಡುತ್ತವೆ? ಕೆಲವು ಗಟ್ಟಿ ಕವಚ ಹಾಕಿಕೊಂಡು ಮಲಗಿಬಿಡುತ್ತವೆ. ಕೆಲವು ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಇನ್ನು ಕೆಲವು ಸಕ್ಕರೆಯಂಥ ವಸ್ತುಗಳನ್ನು ಮೈಯೊಳಗೆ ತುಂಬಿಕೊಂಡು ನೀರನ್ನು ಹಿಡಿದಿಡುತ್ತವೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ತೇವ ಎಳೆಯುತ್ತದಲ್ವಾ, ಹೆಚ್ಚುಕಡಿಮೆ ಹಾಗೆ. ತೊಂದರೆ ಇರುವುದು ಮಳೆ ಬಂದಾಗಲೇ! ನೀರು ಒಮ್ಮೆಲೇ ಒಳಗೆ ನುಗ್ಗುತ್ತದೆ. ತುಂಬಿಕೊಂಡದ್ದನ್ನು ಬೇಗ ಹೊರಹಾಕದಿದ್ದರೆ ಮೈ ಒಡೆದು ಸಾಯುತ್ತವೆ. ಹೊರಬಿದ್ದದ್ದನ್ನೂ ಸತ್ತವನ್ನೂ ಉಳಿದವು ತಿಂದು ಜೋರಾಗಿ ಉಸಿರಾಡುತ್ತವೆ. ಆಗ ಮಣ್ಣಿನ ಇಂಗಾಲ ಗಾಳಿಗೆ ಹೋಗುತ್ತದೆ, ಬೆಳೆಗೆ ಬೇಕಾದ ಸಾರಜನಕವೂ ಬಿಡುಗಡೆಯಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರವಾಗಿ ಬರೆದರು. ಅದಕ್ಕೇ ಇದಕ್ಕೆ ಬರ್ಚ್ ಪರಿಣಾಮ ಅಂತ ಹೆಸರು.

ಈಗ ಮುಖ್ಯ ವಿಷಯ. ಅಷ್ಟೇ ತೇವ ಸಿಕ್ಕರೆ ಎಲ್ಲಾ ಊರಿನ ಮಣ್ಣೂ ಒಂದೇ ರೀತಿ ಉಸಿರಾಡುತ್ತದಾ? ಇಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಳೆ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಯವರೆಗೆ ಮಣ್ಣು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ತುದಿಗಳ ನಡುವೆ ವರ್ಷದ ಮಳೆಯಲ್ಲಿ 480 ಮಿಲಿಮೀಟರ್ ವ್ಯತ್ಯಾಸ. ತೇವ ಏರಿದಂತೆ ಉಸಿರಾಟ ಏರುವ ವೇಗ ಮಾತ್ರ, ಹೆಚ್ಚು ಮಳೆಯ ತುದಿಯಲ್ಲಿ ನಾಲ್ಕು ಪಟ್ಟು! ಹಿಂದಿನಿಂದ ಮಳೆ ಹೆಚ್ಚು ಕಂಡ ಮಣ್ಣು ಸರಾಸರಿ ಎರಡರಷ್ಟು ಇಂಗಾಲ ಕಳೆದುಕೊಂಡಿತು. ಬೇರೆ ಬೇರೆ ಕಡೆಯ ಮಣ್ಣನ್ನು ತಂದು ಒಂದೇ ಜಾಗದಲ್ಲಿ ಇಟ್ಟರೂ, ಬೀಳುವ ಮಳೆಯನ್ನೇ ಹೆಚ್ಚುಕಡಿಮೆ ಮಾಡಿದರೂ ಹಳೇ ರೂಢಿ ಬಿಡಲಿಲ್ಲ. ಗಂಡನ ಮನೆಗೆ ಬಂದು ಎಷ್ಟು ವರ್ಷವಾದರೂ ತವರಿನ ಸಾರಿನ ರುಚಿ ನಾಲಿಗೆ ಬಿಡುವುದಿಲ್ಲವಲ್ಲ!

ಕಾನ್ಸಾಸ್ ಹುಲ್ಲುಗಾವಲಿನಲ್ಲಿ ಮಳೆಯ ಏರುಪೇರನ್ನು ವರ್ಷಗಟ್ಟಲೆ ಬೇಕೆಂದೇ ಹೆಚ್ಚಿಸಿ ನೋಡಿದರು. ಅಂಥ ಮಣ್ಣಿನ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಒಣಗಿಸಿ ನೆನೆಸಿದಾಗ ಕಡಿಮೆ ಬದಲಾದವು ಅಂತ 2012ರಲ್ಲಿ ವರದಿಯಾಯಿತು. ಪೆಟ್ಟು ತಿಂದು ಪಳಗಿದವು ಅನ್ನಿ.

ನಮ್ಮ ರಾಜ್ಯದಲ್ಲೇ ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಗೆ 600ಕ್ಕೂ ಕಡಿಮೆ. ಟೆಕ್ಸಾಸಿನ ಲೆಕ್ಕವನ್ನು ಹಾಗೇ ಇಲ್ಲಿಗೆ ಹಚ್ಚಲಾಗದು. ಆದರೂ ಮಳೆ ಕೈಕೊಡುತ್ತಿರುವ ಈ ಕಾಲದಲ್ಲಿ ಮಣ್ಣು ಎರಡೇ ವರ್ಷದಲ್ಲಿ ಹೊಂದಿಕೊಳ್ಳುತ್ತದೆ ಅಂತ ನಂಬಿ ಕೂರುವುದು ಸರಿಯಲ್ಲ. ಕೊಯ್ಲಾದ ಮೇಲೆ ಹೊಲವನ್ನು ಬತ್ತಲೆ ಬಿಡಬೇಡಿ. ಸೋಗೆ, ತರಗೆಲೆ, ಹುಲ್ಲು ಏನಿದೆಯೋ ಅದನ್ನು ಹೊದಿಸಿ. ತೇವ ನಿಧಾನ ಆರುತ್ತದೆ, ಕೊಳೆತು ಮಣ್ಣಿಗೆ ಇಂಗಾಲವೂ ಸೇರುತ್ತದೆ. ಸೌದೆಗೆ ಎಲ್ಲವನ್ನೂ ಒಯ್ದುಬಿಟ್ಟರೆ ಮಣ್ಣಿಗೆ ಉಳಿಯುವುದೇನು?

ಇನ್ನು ಬ್ಯಾಕ್ಟೀರಿಯಾ ಪುಡಿ ಮಾರುವವರು ಸಂಘಕ್ಕೆ ಬಂದರೆ ಸಾಲ ಮಾಡಿ ಇಡೀ ಎಕರೆಗೆ ಕೊಳ್ಳಬೇಡಿ. ಬೇರೆ ಮಣ್ಣಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ನಿಮ್ಮ ಹೊಲದಲ್ಲೂ ಮಾಡುತ್ತದೆ ಅನ್ನುವಂತಿಲ್ಲ. ಒಂದು ಗುಂಟೆಗೆ ಹಾಕಿ, ಪಕ್ಕದ ಗುಂಟೆ ಹಾಗೇ ಬಿಡಿ. ಎರಡಕ್ಕೂ ಬಿತ್ತನೆ, ಗೊಬ್ಬರ ಒಂದೇ ಇರಲಿ. ಕೊಯ್ಲಿನಲ್ಲಿ ಬೇರೆಬೇರೆ ತೂಗಿ ಸಂಘದ ಪುಸ್ತಕದಲ್ಲಿ ಬರೆದಿಡಿ.