ಧಾರವಾಡಕ್ಕೆ ಹೊರಡುವ ಮುನ್ನ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಪದವೀಧರರು ಎಂ.ಎ., ಎಂ.ಎಸ್ಸಿ. ಓದಲು ಹೆಚ್ಚಾಗಿ ಮುಖ ಮಾಡುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ. 1949ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಸಂಸ್ಥೆ ಬೇಗನೆ ಧಾರವಾಡಕ್ಕೆ ಬಂತು. ಹಳಿಯಾಳದಿಂದ ದಿನವೂ ಬಸ್ಸಿನಲ್ಲಿ ಓಡಾಡಬಹುದು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಖರ್ಚೂ ಇಲ್ಲ. ಜೋಯಿಡಾದ ಒಳಹಳ್ಳಿಗಳವರಿಗೆ ದಿನವೂ ಓಡಾಡುವುದು ಆಗದ ಮಾತು. ಅವರು ಪ್ರವೇಶದ ಜೊತೆಗೇ ಹಾಸ್ಟೆಲ್ ಅರ್ಜಿ ಹಾಕುವುದು ಲೇಸು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿರಬೇಕು. ಆದಾಯ ಪತ್ರಕ್ಕೆ ಅವಧಿಯಿದೆ. ಹಳೆಯದನ್ನೇ ನಂಬಿ ಕೂತರೆ ವಿದ್ಯಾರ್ಥಿವೇತನ ಕೈತಪ್ಪೀತು, ಬಡ ಮನೆಯ ಮಕ್ಕಳಿಗೆ ಇದು ನಿಜವಾದ ಪೆಟ್ಟು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪುಸ್ತಕಗಳು ಕಷ್ಟವೆನಿಸುವುದು ಸಹಜ. ಅದನ್ನು ಮುಚ್ಚಿಟ್ಟುಕೊಳ್ಳದೆ ಅಧ್ಯಾಪಕರನ್ನು ಕೇಳಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಪಡೆದು, ಗ್ರಂಥಾಲಯದಲ್ಲಿ ಕೂತು ಬಿಡಿಸಬೇಕು.